ಹದಿವಯಸ್ಸಲ್ಲಿ ಎದೆ ಬದಲಾವಣೆ: ಯಾವುದಕ್ಕೆ ಸುಮ್ನಿರ್ಬೋದು, ಯಾವಾಗ ಡಾಕ್ಟರ್ ಹತ್ರ ಹೋಗ್ಲೇಬೇಕು

ಇದು ಹೈಸ್ಕೂಲು, ಪಿಯುಸಿ ಓದೋ ಮಕ್ಕಳಿಗೆ ಅಂತ ಬರ್ದಿರೋದು. ಅವರ ಅಮ್ಮ, ಅಕ್ಕ, ಚಿಕ್ಕಮ್ಮಂದಿರೂ ಓದ್ಲಿ, ಅಪ್ಪಂದಿರೂ ಓದ್ಲಿ, ಯಾಕಂದ್ರೆ ಎಷ್ಟೋ ಮನೇಲಿ ಮಗಳನ್ನ ಬೈಕಲ್ಲಿ ಕೂರಿಸ್ಕೊಂಡು ಆಸ್ಪತ್ರೆಗೆ ಕರ್ಕೊಂಡು ಹೋಗೋದು ಅಪ್ಪನೇ, ಆದ್ರೆ ಯಾಕೆ ಹೋಗ್ತಿದೀವಿ ಅಂತ ಅವರಿಗೆ ಯಾರೂ ಹೇಳಿರಲ್ಲ. ಈ ವಯಸ್ಸಲ್ಲಿ ಎದೇಲಿ ಆಗೋ ಬದಲಾವಣೆಗಳಲ್ಲಿ ಬಹುಪಾಲು ಬೆಳವಣಿಗೆಯದ್ದೇ ಭಾಗ, ಅದಕ್ಕೆ ಔಷಧಿನೂ ಬೇಡ ಏನೂ ಬೇಡ. ತೋರಿಸ್ಲೇಬೇಕಾದ ಕೆಲವು ಇವೆ, ಅವಕ್ಕೂ ಬೇಗ ಹೋದ್ರೆ ಚಿಕಿತ್ಸೆ ಸುಲಭ. ಕಷ್ಟ ಆಗೋದು ನಾಚ್ಕೊಂಡು ತಿಂಗಳುಗಟ್ಟಲೆ ಯಾರಿಗೂ ಹೇಳದೆ ಇದ್ದಾಗ.

ಮೊದಲು ವಯಸ್ಸು ನೋಡ್ಕೊಳ್ಳಿ

ಹೆಣ್ಣುಮಕ್ಕಳಿಗೆ ಎದೆ ಬೆಳೆಯೋಕೆ ಶುರು ಆಗೋದು ಸಾಮಾನ್ಯವಾಗಿ 8ರಿಂದ 13 ವರ್ಷದ ಒಳಗೆ. ಶುರು ಆಗೋ ರೀತಿನೇ ಹೆದರಿಸತ್ತೆ: ತೊಟ್ಟಿನ ಕೆಳಗೆ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಗಟ್ಟಿ ಗಂಟು, ಮುಟ್ಟಿದ್ರೆ ನೋವು, ಬ್ಯಾಗಿನ ಪಟ್ಟಿ ತಾಗಿದ್ರೂ ನೋವು, ಅದೂ ಬರೀ ಒಂದೇ ಕಡೆ! ಇನ್ನೊಂದು ಕಡೆ ಶುರು ಆಗೋಕೆ ಕೆಲವು ತಿಂಗಳು ಹಿಡಿಯತ್ತೆ, ಅಷ್ಟರೊಳಗೆ ಮನೆಯವರು ಗಡ್ಡೆ ಅಂದ್ಕೊಂಡು ಗಾಬರಿ ಬಿದ್ದಿರ್ತಾರೆ. ಅದು ಗಡ್ಡೆ ಅಲ್ಲ, ಸ್ತನದ ಮೊಗ್ಗು. ಇಲ್ಲಿ ಒಂದು ವಿಷಯ ಗಟ್ಟಿಯಾಗಿ ನೆನಪಿಟ್ಕೊಳ್ಳಿ, ಈ ಮೊಗ್ಗನ್ನ ಗಂಟು ಅಂತ ಕೊಯ್ಸಿ ತೆಗ್ಸೋ ಹಾಗಿಲ್ಲ, ಸೂಜಿ ಹಾಕಿ ಚೂರು ತೆಗ್ಸಿ ಟೆಸ್ಟಿಗೆ ಕಳ್ಸೋದೂ ಬೇಡ, ಯಾಕಂದ್ರೆ ಅದಕ್ಕೆ ಪೆಟ್ಟಾದ್ರೆ ಆ ಕಡೆ ಎದೆ ಮುಂದೆ ಸರಿಯಾಗಿ ಬೆಳೆಯಲ್ಲ. ಸಣ್ಣ ಹುಡುಗಿಗೆ ಆಪರೇಷನ್ ಅಂತ ಯಾರಾದ್ರೂ ಹೇಳಿದ್ರೆ ಇನ್ನೊಬ್ಬ ಡಾಕ್ಟರನ್ನ ಕೇಳದೆ ಒಪ್ಕೋಬೇಡಿ.

ಮೊಗ್ಗು ಕಾಣಿಸ್ಕೊಂಡ ಮೇಲೆ ಸುಮಾರು ಎರಡು ಎರಡೂವರೆ ವರ್ಷಕ್ಕೆ ಮುಟ್ಟು ಶುರು ಆಗತ್ತೆ. ಅಂದ್ರೆ ಅಮ್ಮಂದಿರಿಗೆ ಮಗಳ ಹತ್ರ ಕೂತು ಮಾತಾಡೋಕೆ ಸಾಕಷ್ಟು ಟೈಮ್ ಇದೆ, ದೊಡ್ಡವಳಾದ ದಿನ ಬಾತ್ರೂಮಲ್ಲಿ ಅಳ್ತಾ ನಿಂತಾಗ್ಲೇ ಹೇಳ್ಬೇಕು ಅಂತೇನಿಲ್ಲ.

ಡಾಕ್ಟರಿಗೆ ತೋರಿಸ್ಬೇಕಾದ ವಯಸ್ಸಿನ ಲೆಕ್ಕ ಮೂರೇ ಮೂರು. 8 ತುಂಬೋಕೆ ಮುಂಚೆನೇ ಎದೆ ಬೆಳೆಯೋಕೆ ಶುರು ಆದ್ರೆ ಮಕ್ಕಳ ಡಾಕ್ಟರಿಗೆ ತೋರ್ಸಿ. 13 ಆದ್ರೂ ಏನೂ ಶುರು ಆಗಿಲ್ಲ ಅಂದ್ರೂ ತೋರ್ಸಿ. ಎದೆ ಬೆಳೆದಿದೆ ಆದ್ರೆ 15 ಆದ್ರೂ ಮುಟ್ಟಾಗಿಲ್ಲ, ಇಲ್ಲಾ ಮೊಗ್ಗು ಬಂದು ಮೂರು ವರ್ಷ ಆಯ್ತು ಆದ್ರೂ ಇಲ್ಲ, ಆಗ್ಲೂ ತೋರ್ಸಿ. ಬೇಗ ಶುರು ಆದ ಮಕ್ಕಳಿಗೆ ಕೈಯ ಎಕ್ಸ್‌ರೇ ತೆಗೆದು ಮೂಳೆ ವಯಸ್ಸು ನೋಡ್ತಾರೆ, ರಕ್ತದಲ್ಲಿ ಹಾರ್ಮೋನ್ ನೋಡ್ತಾರೆ, ಬೇಕಾದ್ರೆ ಬೆಳವಣಿಗೆನ ಸ್ವಲ್ಪ ಕಾಲ ತಡೆಯೋ ಇಂಜೆಕ್ಷನ್ ಇದೆ. ನಮ್ಮಲ್ಲಿ ಇದಕ್ಕೆ ಕೋಳಿ ಮೊಟ್ಟೆ ಮೇಲೆ ಗೂಬೆ ಕೂರಿಸೋದು ಜಾಸ್ತಿ, ಮಗುಗೆ ಮೊಟ್ಟೆ ನಿಲ್ಸಿ ಮನೇಲೇ ಕೂತ್ರೆ ತಪಾಸಣೆ ಆದಂಗೆ ಆಗಲ್ಲ, ಮೊದಲು ತೋರ್ಸಿ.

ಏನು ಮಾಮೂಲು ಅಂತ ತಿಳ್ಕೊಳ್ಳಿ

ಎರಡೂ ಕಡೆ ಒಂದೇ ಸೈಜ್ ಇಲ್ಲ ಅನ್ನೋದು ಬಹಳ ಹುಡುಗೀರ ತಲೆ ತಿನ್ನೋ ವಿಷ್ಯ. ನಿಜ ಹೇಳ್ಬೇಕಂದ್ರೆ ದೊಡ್ಡವರಲ್ಲೂ ಎರಡೂ ಅಳತೆ ಹಾಕಿದಂಗೆ ಒಂದೇ ಸಮ ಇರೋದು ಅಪರೂಪ, ಬೆಳೆಯೋ ವಯಸ್ಸಲ್ಲಂತೂ ಒಂದು ಮುಂದೆ ಓಡತ್ತೆ ಇನ್ನೊಂದು ಹಿಂದೆ ಬೀಳತ್ತೆ. 17, 18ರ ತನಕ ಬೆಳವಣಿಗೆ ನಡೀತಾನೇ ಇರತ್ತೆ, ಹಾಗಾಗಿ 13ರಲ್ಲಿ ಕನ್ನಡಿ ಮುಂದೆ ನಿಂತು ತೀರ್ಪು ಕೊಡ್ಬೇಡಿ. ಬಟ್ಟೆ ಮೇಲಿಂದ್ಲೇ ಎದ್ದು ಕಾಣೋಷ್ಟು ವ್ಯತ್ಯಾಸ ಇದ್ರೆ, ಒಂದು ಕಡೆ ಬೆಳವಣಿಗೆನೇ ಇಲ್ಲ ಅನ್ನಿಸಿದ್ರೆ, ಇಲ್ಲಾ ಒಂದು ಕಡೆ ಇದ್ದಕ್ಕಿದ್ದಂಗೆ ದೊಡ್ಡದಾಗ್ತಾ ಹೋದ್ರೆ ತೋರ್ಸಿ, ಅಪರೂಪಕ್ಕೆ ಒಳಗಿನ ಎದೆ ಸ್ನಾಯುನೇ ಹುಟ್ಟಿನಿಂದ ಬೆಳೆದಿರಲ್ಲ ಅಥವಾ ಒಳಗೆ ಗಂಟು ಇರತ್ತೆ.

ಮುಟ್ಟಿಗೆ ಒಂದು ವಾರ ಮುಂಚೆ ಎರಡೂ ಕಡೆ ಭಾರ ಆಗೋದು, ನೋಯೋದು, ಮುಟ್ಟಿದ್ರೆ ಗಂಟುಗಂಟಾಗಿ ಸಿಗೋದು, ಮುಟ್ಟಾದ ಮೇಲೆ ಇಳಿದುಹೋಗೋದು, ಇದೂ ಮಾಮೂಲು. ಸರಿಯಾದ ಬ್ರಾ, ಸ್ವಲ್ಪ ಬಿಸಿ ಶಾಖ ಅಥವಾ ತಣ್ಣೀರು ಬಟ್ಟೆ, ತೀರಾ ನೋವಿದ್ರೆ ನಿಮ್ಮ ವಯಸ್ಸು ತೂಕಕ್ಕೆ ತಕ್ಕ ಡೋಸ್ ಕೇಳ್ಕೊಂಡು ಪ್ಯಾರಾಸಿಟಮಾಲ್, ಅಷ್ಟು ಸಾಕು.

ಇನ್ನು ತೊಟ್ಟಿನ ಸುತ್ತ ಸಣ್ಣ ಸಣ್ಣ ಗುಳ್ಳೆ ತರ ಇರತ್ತಲ್ಲ, ಅವು ಎಣ್ಣೆ ಗ್ರಂಥಿಗಳು, ಮೊಡವೆ ಅಲ್ಲ, ಹಿಸುಕ್ಬೇಡಿ. ಒಂದೆರಡು ಕೂದಲು ಇರೋದೂ ಮಾಮೂಲೇ, ಕಿತ್ತರೆ ಬುಡದಲ್ಲಿ ಕೀವು ಆಗ್ಬೋದು, ಅಷ್ಟು ಕಿರಿಕಿರಿ ಆದ್ರೆ ಕತ್ತರೀಲಿ ಕತ್ತರಿಸ್ಕೊಳ್ಳಿ. (ಕೂದಲು ಜಾಸ್ತಿ ಇದ್ದು ಜೊತೆಗೆ ಮುಟ್ಟು ಏರುಪೇರು, ಮುಖದಲ್ಲೂ ಕೂದಲು ಮೊಡವೆ ಅಂತ ಇದ್ರೆ ಪಿಸಿಒಡಿ, ಅಂದ್ರೆ ಅಂಡಾಶಯ ಹಾರ್ಮೋನಿನ ಏರುಪೇರು, ಇದ್ಯಾ ಅಂತ ಒಂದ್ಸಲ ಚೆಕ್ ಮಾಡ್ಸಿ.) ಕೆಂಪು ನೇರಳೆ ಗೆರೆಗಳು ಚರ್ಮ ಬೇಗ ಹಿಗ್ಗಿದ್ದಕ್ಕೆ ಬರೋದು, ಕಾಲ ಹೋದಂಗೆ ಮಾಸತ್ತೆ. ತೊಟ್ಟು ಮೊದಲಿಂದಲೂ ಒಳಗೆ ಹೋಗಿದ್ರೆ ತೊಂದ್ರೆ ಇಲ್ಲ, ಸರಿಯಾಗಿದ್ದಿದ್ದು ಹೊಸದಾಗಿ ಒಳಗೆ ಎಳ್ಕೊಂಡ್ರೆ ಮಾತ್ರ ತೋರಿಸ್ಬೇಕು.

ಗಂಟು ಸಿಕ್ಕಿದ್ರೆ ಏನ್ ಮಾಡೋದು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಎಲ್ಲರಿಗೂ ಹೆಚ್ಚು ಭಯ ಇರೋದು ಇದಕ್ಕೇ.

ಗಂಟು ಸಿಕ್ಕಿದ ದಿನ ಕ್ಯಾಲೆಂಡರಲ್ಲಿ ಗುರುತು ಹಾಕಿ, ಯಾವ ಕಡೆ, ಸುಮಾರು ಎಷ್ಟು ದೊಡ್ಡದು, ನೋವಿದ್ಯಾ ಅಂತ ಬರ್ಕೊಳ್ಳಿ. ಕೊನೇ ಮುಟ್ಟಿನ ದಿನಾಂಕನೂ ಬರೀರಿ. ಆಮೇಲೆ ದಿನಾ ಒತ್ತಿ ಒತ್ತಿ ನೋಡ್ಬೇಡಿ, ಒತ್ತಿದಷ್ಟೂ ನೋವು ಜಾಸ್ತಿ, ಭಯನೂ ಜಾಸ್ತಿ. ಮುಂದಿನ ಮುಟ್ಟು ಮುಗಿಯೋ ತನಕ ಕಾಯಿರಿ. ಮುಟ್ಟಾದ ಮೇಲೆ ಕರಗಿ ಹೋದ್ರೆ ಅದು ಹಾರ್ಮೋನಿಂದು, ಬಿಟ್ಟಾಕಿ. ಹಾಗೇ ಉಳಿದಿದ್ರೆ ಒಂದೆರಡು ವಾರದೊಳಗೆ ತೋರ್ಸಿ. ಓಡ್ಬೇಕಾಗಿಲ್ಲ, ಪರೀಕ್ಷೆ ಮುಗೀಲಿ ರಜಾ ಬರ್ಲಿ ಅಂತ ಆರು ತಿಂಗಳು ತಳ್ಳೋದೂ ಬೇಡ.

ಹದಿವಯಸ್ಸು ಮತ್ತೆ ಇಪ್ಪತ್ತರ ಆಸುಪಾಸಲ್ಲಿ ಸಿಗೋ ಗಂಟುಗಳಲ್ಲಿ ಬಹುಪಾಲು ಫೈಬ್ರೋಅಡಿನೋಮ ಅನ್ನೋದು. ರಬ್ಬರ್ ತರ ಗಟ್ಟಿ, ನುಣ್ಣಗೆ, ಸಾಮಾನ್ಯವಾಗಿ ನೋವಿರಲ್ಲ, ಬೆರಳಿಟ್ರೆ ಆಚೆ ಈಚೆ ಜಾರತ್ತೆ. ಇದು ಕ್ಯಾನ್ಸರ್ ಅಲ್ಲ. ಹದಿವಯಸ್ಸಲ್ಲಿ ಸ್ತನ ಕ್ಯಾನ್ಸರ್ ಅತಿ ಅತಿ ಅಪರೂಪ, ಹಾಗಂತ ನೀವೇ ಮನೇಲಿ ಕೂತು ಇದು ಫೈಬ್ರೋಅಡಿನೋಮನೇ ಅಂತ ತೀರ್ಮಾನ ಮಾಡ್ಬೇಡಿ, ಅದನ್ನ ಹೇಳೋದು ಡಾಕ್ಟರ್ ಕೆಲಸ.

ಅವರು ಕೈಯಿಂದ ಪರೀಕ್ಷೆ ಮಾಡಿ ಬೇಕಾದ್ರೆ ಅಲ್ಟ್ರಾಸೌಂಡ್ ಬರ್ಕೊಡ್ತಾರೆ, ಹೊಟ್ಟೆ ಸ್ಕ್ಯಾನಿಂಗ್ ತರಾನೇ, ಜೆಲ್ ಹಾಕಿ ನೋಡೋದು, ನೋವಿರಲ್ಲ, ರೇಡಿಯೇಷನ್ ಇಲ್ಲ. ಮ್ಯಾಮೊಗ್ರಾಂ, ಅಂದ್ರೆ ಸ್ತನದ ಎಕ್ಸ್‌ರೇ, ಈ ವಯಸ್ಸಿಗೆ ಅಲ್ಲ, ಎಳೇ ಸ್ತನದ ಒಳಗೆ ಅಂಗಾಂಶ ದಟ್ಟವಾಗಿರೋದ್ರಿಂದ ಅದರಲ್ಲಿ ಏನೂ ಸರಿಯಾಗಿ ಕಾಣಲ್ಲ. ಸ್ಕ್ಯಾನ್ ರಿಪೋರ್ಟ್ ಕೊನೇಲಿ ಬೈರ್ಯಾಡ್ಸ್ (BI-RADS) ಅಂತ ಒಂದು ನಂಬರ್ ಬರ್ದಿರ್ತಾರೆ, ಮನೆಯವರು ಅದನ್ನ ಮೊಬೈಲಲ್ಲಿ ಹುಡುಕಿ ಕ್ಯಾನ್ಸರ್ ಸ್ಟೇಜ್ ಅಂದ್ಕೊಂಡು ರಾತ್ರಿಯೆಲ್ಲಾ ಅಳ್ತಾ ಕೂರೋದುಂಟು, ಅದು ಸ್ಟೇಜ್ ಅಲ್ಲವೇ ಅಲ್ಲ. 2 ಅಂದ್ರೆ ತೊಂದ್ರೆ ಇಲ್ಲದ್ದು, 3 ಅಂದ್ರೆ ಬಹುತೇಕ ತೊಂದ್ರೆ ಇಲ್ಲದ್ದು, ಸುಮಾರು ಆರು ತಿಂಗಳಿಗೆ ಇನ್ನೊಂದ್ಸಲ ಸ್ಕ್ಯಾನ್ ಮಾಡಿ ನೋಡಿ ಅಂತ. 4, 5 ಬಂದ್ರೆ ಚೂರು ತೆಗೆದು ಟೆಸ್ಟ್ ಮಾಡ್ಬೇಕಾಗತ್ತೆ.

ಫೈಬ್ರೋಅಡಿನೋಮ ಇದ್ದವರೆಲ್ಲಾ ಆಪರೇಷನ್ ಮಾಡ್ಸ್ಕೋಬೇಕು ಅಂತಿಲ್ಲ. ಸಣ್ಣದಾಗಿದ್ರೆ ಕೆಲವು ತಿಂಗಳಿಗೊಮ್ಮೆ ಅಳತೆ ನೋಡ್ತಾ ಇರ್ತಾರೆ, ಎಷ್ಟೋ ಹಾಗೇ ಇರತ್ತೆ ಇಲ್ಲಾ ತಾನಾಗೇ ಚಿಕ್ಕದಾಗತ್ತೆ. ಬೇಗ ಬೇಗ ಬೆಳೀತಿದ್ರೆ, 5 ಸೆಂಟಿಮೀಟರ್ ದಾಟಿದ್ರೆ, ಎದೆಯ ಆಕಾರನೇ ಕೆಡಿಸ್ತಿದ್ರೆ ತೆಗೀತಾರೆ. ಆಪರೇಷನ್ ಆದ್ರೆ ಮುಂದೆ ಮದುವೆ ಕಷ್ಟ ಆಗತ್ತೆ ಅಂತ ಬಚ್ಚಿಡೋರಿದಾರೆ, ಬಚ್ಚಿಟ್ಟು ಬೆಳೆಯೋಕೆ ಬಿಟ್ರೆ ಗಾಯದ ಗುರುತು ಇನ್ನೂ ದೊಡ್ಡದಾಗತ್ತೆ ಅಷ್ಟೇ.

ಇವಕ್ಕೆ ಕಾಯ್ಬೇಡಿ

ಎದೆ ಒಂದು ಕಡೆ ಕೆಂಪಾಗಿ ಬಿಸಿಯಾಗಿ ಊದ್ಕೊಂಡು ಜ್ವರನೂ ಬಂದ್ರೆ ಅವತ್ತೇ ಹೋಗಿ, ಅದು ಇನ್ಫೆಕ್ಷನ್. ಬೇಗ ಹೋದ್ರೆ ಆಂಟಿಬಯೋಟಿಕ್ ಮಾತ್ರೇಲಿ ಹೋಗತ್ತೆ, ಬಿಟ್ರೆ ಕೀವು ಕಟ್ಟಿ ತೆಗೀಬೇಕಾಗತ್ತೆ. ಸುಣ್ಣ ಹಚ್ಚೋದು, ಸೂಜೀಲಿ ಚುಚ್ಚಿ ಕೀವು ತೆಗೆಯೋದು ದಯವಿಟ್ಟು ಬೇಡ, ಅಲ್ಲಿನ ಚರ್ಮ ಬಹಳ ಸೂಕ್ಷ್ಮ.

ತೊಟ್ಟಿಂದ ರಕ್ತ ಬಂದ್ರೆ, ಚರ್ಮ ಒಳಕ್ಕೆ ಎಳ್ಕೊಂಡಂಗೆ ಇಲ್ಲಾ ಕಿತ್ತಳೆ ಸಿಪ್ಪೆ ತರ ಆದ್ರೆ, ಗಂಟು ಕಲ್ಲಿನಷ್ಟು ಗಟ್ಟಿಯಾಗಿ ಜಾಗ ಬಿಟ್ಟು ಅಲ್ಲಾಡದೆ ಇದ್ರೆ, ಕಂಕುಳಲ್ಲೂ ಗಂಟು ಸಿಕ್ಕಿದ್ರೆ, ವಾರದಿಂದ ವಾರಕ್ಕೆ ದೊಡ್ಡದಾಗ್ತಿದ್ರೆ, ಆ ವಾರದಲ್ಲೇ ಹೋಗಿ. ಚಿಕ್ಕವರಿದ್ದಾಗ ಬೇರೆ ಕ್ಯಾನ್ಸರಿಗೆ ಎದೆ ಭಾಗಕ್ಕೆ ರೇಡಿಯೇಷನ್ ಆಗಿದ್ರೆ, ಅಥವಾ ಅಮ್ಮ, ಅಕ್ಕ, ಚಿಕ್ಕಮ್ಮಂದಿರಲ್ಲಿ ಯಾರಿಗಾದ್ರೂ ಸಣ್ಣ ವಯಸ್ಸಲ್ಲೇ ಸ್ತನ ಕ್ಯಾನ್ಸರ್ ಬಂದಿದ್ರೆ ಅದನ್ನ ಡಾಕ್ಟರಿಗೆ ಮೊದಲೇ ಹೇಳ್ಬಿಡಿ. ಬ್ಯಾಡ್ಮಿಂಟನ್ ರ‍್ಯಾಕೆಟ್ಟೋ ಥ್ರೋಬಾಲ್ ಚೆಂಡೋ ಬಿದ್ದು ಗಂಟಾದ್ರೆ ಬಹುತೇಕ ರಕ್ತ ಹೆಪ್ಪುಗಟ್ಟಿರೋದು, ಕೆಲವು ವಾರದಲ್ಲಿ ಕರಗತ್ತೆ, ಕರಗದಿದ್ರೆ ತೋರ್ಸಿ.

ಹಾಲಿನ ತರ ಬರ್ತಿದ್ರೆ

ಇದಕ್ಕೆ ಹುಡುಗೀರು ಹೆದರೋದು ಎರಡು ಪಟ್ಟು, ಒಂದು ಕಾಯಿಲೆ ಭಯ, ಇನ್ನೊಂದು ಮನೆಯವರು ಏನಂದ್ಕೋತಾರೋ ಅಂತ. ಕಾರಣಗಳು ಬೇರೆ ಬೇರೆ ಇವೆ: ಹಾಲು ಬರಿಸೋ ಪ್ರೊಲ್ಯಾಕ್ಟಿನ್ ಹಾರ್ಮೋನ್ ಜಾಸ್ತಿ ಆಗಿರ್ಬೋದು, ಥೈರಾಯ್ಡ್ ಕಡಿಮೆ ಇರ್ಬೋದು, ಮಾತ್ರೆಯಿಂದ ಆಗಿರ್ಬೋದು, ಗರ್ಭಧಾರಣೆನೂ ಒಂದು ಕಾರಣ ಆಗಿರೋದ್ರಿಂದ ಡಾಕ್ಟರ್ ಅದನ್ನ ಕೇಳೇ ಕೇಳ್ತಾರೆ, ಎಲ್ಲರನ್ನೂ ಕೇಳ್ತಾರೆ, ಅದನ್ನ ಅವಮಾನ ಅಂದ್ಕೋಬೇಡಿ. ಮಾತ್ರೆ ವಿಷ್ಯ ಯಾಕೆ ಹೇಳಿದೆ ಅಂದ್ರೆ, ಗ್ಯಾಸು ವಾಂತಿ ಅಂತ ಮೆಡಿಕಲ್ ಶಾಪಲ್ಲಿ ಕೇಳಿ ತಗೊಳ್ಳೋ ಎಷ್ಟೋ ಮಾತ್ರೆಗಳಲ್ಲಿ ಡೊಂಪೆರಿಡೋನ್ ಅಥವಾ ಲೆವೊಸಲ್ಪಿರೈಡ್ ಸೇರಿರತ್ತೆ, ಇವು ಪ್ರೊಲ್ಯಾಕ್ಟಿನ್ ಏರಿಸತ್ತೆ. ಮನಸ್ಸಿನ ಕಾಯಿಲೆಗೆ ಕೊಡೋ ರಿಸ್ಪೆರಿಡೋನ್ ಕೂಡ ಹಾಗೇ, ಆದ್ರೆ ಅದನ್ನ ನೀವೇ ನಿಲ್ಲಿಸ್ಬೇಡಿ, ಬರ್ಕೊಟ್ಟ ಡಾಕ್ಟರನ್ನ ಕೇಳಿ. ಆಸ್ಪತ್ರೆಗೆ ಹೋಗುವಾಗ ಇತ್ತೀಚೆಗೆ ತಗೊಂಡ ಎಲ್ಲಾ ಮಾತ್ರೆಗಳ ಖಾಲಿ ಶೀಟ್ ತಗೊಂಡು ಹೋಗಿ. ಬರ್ತಿದ್ಯಾ ಇಲ್ವಾ ಅಂತ ಹಿಸುಕಿ ನೋಡ್ಬೇಡಿ, ಹಿಸುಕಿದ್ರೆ ಇನ್ನೂ ಬರತ್ತೆ. ಜೊತೆಗೆ ತಲೆನೋವು, ಕಣ್ಣು ಮಂಜು, ಮುಟ್ಟು ನಿಂತಿರೋದು ಇದ್ರೆ ತಡ ಮಾಡ್ಬೇಡಿ.

ಬಟ್ಟೆ, ಬೆವರು, ತುರಿಕೆ

ಎದೆ ಕೆಳಗೆ ಕೆಂಪಾಗಿ ತುರಿಕೆ ಆಗೋಕೆ ನಮ್ಮ ಕಡೆ ಒಂದು ದೊಡ್ಡ ಕಾರಣ ಏನ್ ಗೊತ್ತಾ, ಬ್ರಾನ ಬಿಸಿಲಿಗೆ ಹಾಕಲ್ಲ! ಟವೆಲ್ ಕೆಳಗೆ, ಚೂಡಿದಾರ್ ಕೆಳಗೆ, ಬಾತ್ರೂಮ್ ಮೂಲೇಲಿ ಬಚ್ಚಿಟ್ಟು ಒಣಗ್ಸೋದು, ಕರಾವಳಿ ಮಲೆನಾಡಿನ ಮಳೆಗಾಲದಲ್ಲಂತೂ ಅರ್ಧ ಒದ್ದೆ ಇರೋದನ್ನೇ ಹಾಕ್ಕೊಂಡು ಹೋಗೋದು. ಅಲ್ಲಿಂದ ಶುರು ಆಗೋದೇ ಫಂಗಸ್. ಬಿಸಿಲಿಗೆ ಎಲ್ಲರಿಗೂ ಕಾಣೋ ಹಾಗೇ ಹಾಕಿ, ಬಿಸಿಲಿಲ್ಲದಿದ್ರೆ ಇಸ್ತ್ರಿ ಮಾಡಿ. ತುರಿಕೆ ಆದ್ರೆ ಮೆಡಿಕಲ್ ಶಾಪಿನ ಮಿಕ್ಸ್ ಕ್ರೀಮ್ ಹಚ್ಬೇಡಿ, ಅದರಲ್ಲಿ ಸ್ಟಿರಾಯ್ಡ್ ಇದ್ರೆ ಎರಡು ದಿನ ಆರಾಮ ಅನ್ಸಿ ಆಮೇಲೆ ಹುಳುಕಡ್ಡಿ ಇನ್ನೂ ಹರಡತ್ತೆ, ಚರ್ಮನೂ ತೆಳುವಾಗತ್ತೆ.

ಬ್ರಾ ಅಳತೆಗೆ ಟೈಲರ್ ಟೇಪ್ ಸಾಕು. ಎದೆಯ ಕೆಳಗೆ ಸುತ್ತಳತೆ ಇಂಚಲ್ಲಿ ತಗೊಳ್ಳಿ, ಅದನ್ನ ಹತ್ತಿರದ ಸಮಸಂಖ್ಯೆಗೆ ಹಾಕಿದ್ರೆ ಪಟ್ಟಿಯ ನಂಬರ್, 28, 30, 32 ಹೀಗೆ. ಎದೆಯ ಮೇಲೆ ತುಂಬಿದ ಕಡೆ ಇನ್ನೊಂದು ಅಳತೆ. ಎರಡರ ವ್ಯತ್ಯಾಸ ಸುಮಾರು 1 ಇಂಚಾದ್ರೆ ಎ, 2 ಆದ್ರೆ ಬಿ, 3 ಆದ್ರೆ ಸಿ ಕಪ್. ಕಂಪನಿಯಿಂದ ಕಂಪನಿಗೆ ಸ್ವಲ್ಪ ಬದಲಾಗತ್ತೆ. ಆರು ತಿಂಗಳಿಗೊಮ್ಮೆ ಮತ್ತೆ ಅಳೀರಿ, ಬೆಳೀತಿದೀರಲ್ಲ. ಶುರುವಿಗೆ ಹತ್ತಿ ಸ್ಲಿಪ್ ಅಥವಾ ಬಿಗಿನರ್ಸ್ ಬ್ರಾ, ಪಿಟಿ ಪೀರಿಯಡ್ಡಿಗೆ ಸ್ಪೋರ್ಟ್ಸ್ ಬ್ರಾ. ರಾತ್ರಿ ಹಾಕ್ಕೊಂಡು ಮಲಗೋದು ಬಿಡೋದು ನಿಮ್ಮಿಷ್ಟ. ಕಪ್ಪು ಬ್ರಾ ಹಾಕಿದ್ರೆ, ತಂತಿ ಇರೋದು ಹಾಕಿದ್ರೆ ಕ್ಯಾನ್ಸರ್ ಬರತ್ತೆ ಅನ್ನೋದು ಸುಳ್ಳು.

ದೊಡ್ಡದಾಗಿದೆ ಅಂತ ಬಟ್ಟೆ ಸುತ್ತಿ ಬಿಗಿಯಾಗಿ ಕಟ್ಕೊಳ್ಳೋದು, ಗೂನು ಬೆನ್ನು ಮಾಡ್ಕೊಂಡು ನಡೆಯೋದು ಬೇಡ. ಭುಜ ಬೆನ್ನು ನೋವು, ಭುಜದ ಮೇಲೆ ಪಟ್ಟಿ ಕೊರೆದ ಗುರುತು ಇದ್ರೆ ಅದು ನಿಜವಾದ ತೊಂದ್ರೆ, ಡಾಕ್ಟರ್ ಹತ್ರ ಹೇಳ್ಕೊಳ್ಳೋಕೆ ನಾಚ್ಕೋಬೇಡಿ. ಚಿಕ್ಕದಾಗಿದೆ ಅಂತ ಆನ್‌ಲೈನಲ್ಲಿ ಕ್ರೀಮು ಎಣ್ಣೆ ಮಾತ್ರೆ ತರ್ಸೋರಿಗೆ ಒಂದೇ ಮಾತು, ದುಡ್ಡು ದಂಡ, ಒಳಗೆ ಏನ್ ಹಾರ್ಮೋನ್ ಹಾಕಿದಾರೋ ಗೊತ್ತಿರಲ್ಲ.

ಹುಡುಗರಿಗೂ ಆಗತ್ತೆ

13, 14ರ ಹೊತ್ತಿಗೆ ಸುಮಾರು ಅರ್ಧದಷ್ಟು ಹುಡುಗರಿಗೆ ತೊಟ್ಟಿನ ಕೆಳಗೆ ಸ್ವಲ್ಪ ಗಂಟು, ನೋವು, ಉಬ್ಬು ಬರತ್ತೆ, ಇದಕ್ಕೆ ಗೈನಕೊಮಾಸ್ಟಿಯ ಅಂತಾರೆ. ಗಂಡು ಹೆಣ್ಣು ಎರಡೂ ಹಾರ್ಮೋನ್ ಎಲ್ಲರ ಮೈಯಲ್ಲೂ ಇರತ್ತೆ, ಆ ವಯಸ್ಸಲ್ಲಿ ಸ್ವಲ್ಪ ದಿನ ಅವುಗಳ ಪ್ರಮಾಣ ಹೆಚ್ಚುಕಮ್ಮಿ ಆಗತ್ತೆ, ಅಷ್ಟೇ. ಬಹುತೇಕರಿಗೆ ಆರು ತಿಂಗಳಿಂದ ಎರಡು ವರ್ಷದೊಳಗೆ ಹೋಗ್ಬಿಡತ್ತೆ. ಆದ್ರೆ ಈ ಎರಡು ವರ್ಷ ಹುಡುಗ ಈಜೋಕೆ ಬರಲ್ಲ ಅಂತಾನೆ, ಸೆಕೆಯಲ್ಲೂ ಜರ್ಕಿನ್ ಹಾಕ್ಕೊಂಡಿರ್ತಾನೆ, ಕ್ಲಾಸಲ್ಲಿ ಅಡ್ಡಹೆಸರು ಬಿದ್ದಿರತ್ತೆ, ಮನೇಲಿ ಯಾರಿಗೂ ಗೊತ್ತೇ ಇರಲ್ಲ. ಅಪ್ಪಂದಿರು ಇಲ್ಲಿ ಬಾಯಿ ಬಿಟ್ಟು ಮಾತಾಡ್ಬೇಕು.

ಎರಡು ವರ್ಷ ದಾಟಿದ್ರೂ ಹೋಗದಿದ್ರೆ, ದೊಡ್ಡದಾಗ್ತಾನೇ ಇದ್ರೆ, ಪ್ರೌಢಾವಸ್ಥೆ ಶುರು ಆಗೋಕೆ ಮುಂಚೆನೇ ಬಂದ್ರೆ, ತೊಟ್ಟಿಂದ ಏನಾದ್ರೂ ಸ್ರಾವ ಬಂದ್ರೆ, ವೃಷಣದಲ್ಲಿ ಗಂಟಿದ್ರೆ ಅಥವಾ ಅವು ವಯಸ್ಸಿಗೆ ತಕ್ಕಂಗೆ ಬೆಳೆದಿಲ್ಲ ಅನ್ಸಿದ್ರೆ ತೋರ್ಸಿ. ಜಿಮ್ಮಲ್ಲಿ ಯಾರೋ ಕೊಟ್ಟ ಸ್ಟಿರಾಯ್ಡ್ ಇಂಜೆಕ್ಷನ್ ಮಾತ್ರೆ ತಗೊಂಡಿದ್ರೆ ಮುಚ್ಚಿಡದೆ ಹೇಳಿ, ಅದೇ ಕಾರಣ ಇರ್ಬೋದು. ಬರೀ ಕೊಬ್ಬಿಂದ ಆಗಿದ್ರೆ ತೂಕ ಇಳಿದಂಗೆ ಕಡಿಮೆ ಆಗತ್ತೆ. ಆಪರೇಷನ್ ಮಾತು ಬರೋದು ಬೆಳವಣಿಗೆ ಪೂರ್ತಿ ಆದ ಮೇಲೆ.

ಎಲ್ಲಿಗೆ ಹೋಗೋದು, ಏನಂತ ಹೇಳೋದು

ಮೊದಲು ಮನೇಲಿ ಒಬ್ಬರಿಗೆ ಹೇಳಿ. ಬಾಯಲ್ಲಿ ಬರದಿದ್ರೆ ಅಮ್ಮಂಗೆ ಚೀಟೀಲಿ ಬರ್ದು ಕೊಡಿ, ಇಲ್ಲಾ ವಾಟ್ಸಾಪಲ್ಲಿ ಟೈಪ್ ಮಾಡಿ: "ಅಮ್ಮ, ಎಡಗಡೆ ಎದೇಲಿ ಒಂದು ಗಂಟಿದೆ, ಒಂದು ತಿಂಗಳಾಯ್ತು, ಭಯ ಆಗ್ತಿದೆ, ಡಾಕ್ಟರ್ ಹತ್ರ ಕರ್ಕೊಂಡು ಹೋಗು." ಅಷ್ಟು ಸಾಕು. ಅಮ್ಮಂಗೆ ಹೇಳೋಕಾಗಲ್ಲ ಅಂದ್ರೆ ಅತ್ತೆ, ಟೀಚರ್, ಊರಿನ ಆಶಾ ಅಕ್ಕ ಯಾರಾದ್ರೂ ಸರಿ.

ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಶುರು ಮಾಡ್ಬೋದು, ಬೇಕಾದ್ರೆ ಅವರೇ ತಾಲ್ಲೂಕು ಆಸ್ಪತ್ರೆಗೆ ಬರ್ಕೊಡ್ತಾರೆ. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ 10ರಿಂದ 19 ವರ್ಷದವರಿಗೆ ಅಂತಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಲಿನಿಕ್ ಇವೆ, ಕರ್ನಾಟಕದಲ್ಲಿ ಸ್ನೇಹ ಕ್ಲಿನಿಕ್ ಅಂತಾರೆ, ಯಾವ ದಿನ ನಡೆಯತ್ತೆ ಅಂತ ಆಶಾ ಅಕ್ಕನ್ನ ಕೇಳಿ. ಫೋನಲ್ಲಿ ಕೇಳೋದಾದ್ರೆ ಆರೋಗ್ಯವಾಣಿ 104. ಖಾಸಗಿಗೆ ಹೋಗೋದಾದ್ರೆ ವಯಸ್ಸಿನ ವಿಷ್ಯಕ್ಕೆ ಮಕ್ಕಳ ಡಾಕ್ಟರ್, ಮುಟ್ಟಿನ ಜೊತೆ ಸೇರಿದ್ದಕ್ಕೆ ಗೈನಕಾಲಜಿಸ್ಟ್, ಗಂಟಿಗೆ ಸರ್ಜನ್.

ಚೀಟಿ ಮಾಡಿಸುವಾಗ ಬರೀ "ಎದೆನೋವು" ಅಂತ ಹೇಳಿದ್ರೆ ಇಸಿಜಿ ರೂಮಿಗೆ ಕಳ್ಸ್ತಾರೆ, "ಬ್ರೆಸ್ಟಲ್ಲಿ ಗಂಟು" ಅಂತ ಹೇಳಿ, ಕ್ಯೂನಲ್ಲಿ ಜೋರಾಗಿ ಹೇಳೋಕೆ ಮುಜುಗರ ಆದ್ರೆ ಬರ್ದು ತೋರ್ಸಿ. ಲೇಡಿ ಡಾಕ್ಟರ್ ಬೇಕು ಅಂತ ಕೇಳ್ಬೋದು. ಇಲ್ಲ ಅಂದ್ರೆ ಪರೀಕ್ಷೆ ವೇಳೆ ನರ್ಸ್ ಅಥವಾ ಅಮ್ಮ ಜೊತೆಗಿರ್ಲಿ ಅಂತ ಕೇಳಿ. ಯಾಕೆ ಪರೀಕ್ಷೆ ಮಾಡ್ತಾರೆ ಅಂತ ಕೇಳೋದು ನಿಮ್ಮ ಹಕ್ಕು. ಅಮ್ಮನ ಮುಂದೆ ಹೇಳೋಕಾಗದ ಮಾತಿದ್ರೆ ಎರಡು ನಿಮಿಷ ಒಬ್ಬಳೇ ಮಾತಾಡ್ಬೇಕು ಅಂತಲೂ ಹೇಳ್ಬೋದು.

ಇನ್ನೊಂದು ಬಹಳ ಮುಖ್ಯ. ಗಂಟು ನೋಡಿ ಹೇಳ್ತೀನಿ, ಫೋಟೋ ಕಳ್ಸು ಅಂತ ಇನ್‌ಸ್ಟಾದಲ್ಲೋ ವಾಟ್ಸಾಪಲ್ಲೋ ಯಾರೇ ಕೇಳಿದ್ರೂ, ಡಾಕ್ಟರ್ ಅಂತ ಹೇಳ್ಕೊಂಡ್ರೂ, ಕಳ್ಸ್ಬೇಡಿ. ಗಂಟು ಫೋಟೋದಲ್ಲಿ ಗೊತ್ತಾಗಲ್ಲ. ಈಗಾಗ್ಲೇ ಕಳ್ಸಿ ಅವರು ಹೆದರಿಸ್ತಿದ್ರೆ, ಅಥವಾ ಮನೇಲೋ ಸ್ಕೂಲಲ್ಲೋ ಬಸ್ಸಲ್ಲೋ ಯಾರಾದ್ರೂ ಮೈ ಮುಟ್ಟಿದ್ದಾರೆ ಅಂದ್ರೆ 1098ಕ್ಕೆ ಫೋನ್ ಮಾಡಿ, ಮಕ್ಕಳ ಸಹಾಯವಾಣಿ, ದುಡ್ಡಿಲ್ಲ. 18ರೊಳಗಿನವರಿಗೆ 2012ರ ಪೋಕ್ಸೋ ಕಾಯ್ದೆ ರಕ್ಷಣೆ ಇದೆ, ತಪ್ಪು ನಿಮ್ಮದಲ್ಲ. ಮೈ ಬಗ್ಗೆನೇ ಯೋಚ್ನೆ ಹತ್ತಿ ಊಟ ನಿದ್ದೆ ಸ್ಕೂಲು ಬೇಡ ಅನ್ನಿಸ್ತಿದ್ರೆ ಮನಸ್ಸಿನ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿಮಾನಸ್ 14416, ಕನ್ನಡದಲ್ಲೇ ಮಾತಾಡ್ಬೋದು.

ಒಬ್ಬ ಡಾಕ್ಟರ್ ಮುಟ್ಟಿಯೂ ನೋಡದೆ "ಏನಿಲ್ಲ ಹೋಗಮ್ಮ" ಅಂದ್ರೆ, ಗಂಟು ಇನ್ನೂ ಇದ್ರೆ, ಒಂದು ತಿಂಗಳು ಬಿಟ್ಟು ಇನ್ನೊಬ್ಬರಿಗೆ ತೋರ್ಸಿ. ಹಳೇ ಸ್ಕ್ಯಾನ್ ರಿಪೋರ್ಟ್ ಎಸೀಬೇಡಿ, ಪ್ಲಾಸ್ಟಿಕ್ ಕವರಲ್ಲಿ ಹಾಕಿ ಮಾರ್ಕ್ಸ್ ಕಾರ್ಡ್ ಜೊತೆಗೆ ಇಟ್ಕೊಳ್ಳಿ, ಮುಂದಿನ ಸಲ ಅಳತೆ ಹೋಲಿಸಿ ನೋಡೋಕೆ ಡಾಕ್ಟರ್ ಮೊದಲು ಕೇಳೋದೇ ಅದನ್ನ.